ನಂಬರ್ ಒನ್ ಎನಿಸಿಕೊಂಡ ಎರಡನೆಯವನು

ಮಗಳು: ಚಿಕ್ಕಪ್ಪ, ನೀವು ಮೂವತ್ತು ವರ್ಷ ಸರಕು ಹಡಗಿನಲ್ಲಿ ದುಡಿದವರು. ನಿಮ್ಮನ್ನೇ ಕೇಳಬೇಕೆಂದು ಒಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ ಧಾರಾವಾಹಿಯಲ್ಲಿ ಕ್ಯಾಪ್ಟನ್ ಪಿಕಾರ್ಡ್ ತನ್ನ ಕೈಕೆಳಗಿನ ವಿಲಿಯಂ ರೈಕರ್‌ನನ್ನು ‘ನಂಬರ್ ಒನ್’ ಎಂದು ಕರೆಯುತ್ತಾನಲ್ಲ, ಯಾಕೆ? ಇರುವುದು ಎರಡನೆಯ ಸ್ಥಾನ, ಕರೆಯುವುದು ಒಂದನೆಯ ನಂಬರಿನಿಂದ.

ಚಿಕ್ಕಪ್ಪ: ಅದು ಬ್ರಿಟಿಷ್ ನೌಕಾಪಡೆಯ ರೂಢಿ. ಅಲ್ಲಿ ಹಡಗಿನ ಫಸ್ಟ್ ಲೆಫ್ಟಿನೆಂಟನ್ನು ಹಾಗೆ ಕರೆಯುತ್ತಾರೆ. ನಾನು ಅದನ್ನು ಅರ್ಥಮಾಡಿಕೊಂಡದ್ದು ಹೀಗೆ: ಕ್ಯಾಪ್ಟನ್‌ಗೆ ನಂಬರಿಲ್ಲ, ಅವನು ಎಣಿಕೆಯ ಹೊರಗೆ. ಎಣಿಕೆ ಶುರುವಾಗುವುದೇ ಅವನ ಕೆಳಗಿನವನಿಂದ.

ಮಗಳು: ನೀವೂ ಅದನ್ನು ನೋಡಿದ್ದೀರಾ?

ಚಿಕ್ಕಪ್ಪ: ನೋಡದೆ ಇರುತ್ತೇನಾ? ನಮ್ಮ ಹಡಗಿನ ಸ್ಮೋಕ್ ರೂಮಿನಲ್ಲಿ ವೀಡಿಯೊ ಕ್ಯಾಸೆಟ್ಟುಗಳ ಕಪಾಟೇ ಇತ್ತು. ಬಂದರಿನಲ್ಲಿ ಬೇರೆ ಹಡಗಿನವರು ಸಿಕ್ಕಿದರೆ ಕ್ಯಾಸೆಟ್ ಅದಲುಬದಲು. ನಮಗೆಲ್ಲ ಅದರಲ್ಲಿ ಹಿಡಿಸಿದ್ದು ಬ್ರಿಡ್ಜಿನ, ಅಂದರೆ ಹಡಗು ನಡೆಸುವ ಕೋಣೆಯ ಶಿಸ್ತು. ಒಬ್ಬ ಬ್ರಿಡ್ಜ್ ಬಿಟ್ಟು ಹೋಗುವಾಗ ಇನ್ನೊಬ್ಬನಿಗೆ ಬಾಯಿಬಿಟ್ಟು ಹೇಳಿಯೇ ಹೋಗುತ್ತಾನೆ, ಇನ್ನು ಇದು ನಿನ್ನದು ಎಂದು. ನಿಜವಾದ ಹಡಗಿನಲ್ಲೂ ಹಾಗೆಯೇ. ಅದಿರಲಿ, ನಿನಗೆ ಈಗ ರೈಕರ್ ಯಾಕೆ ನೆನಪಾದ?

ಮಗಳು: ನನ್ನನ್ನು ಇನ್ನೊಂದು ಊರಿನ ಶಾಖೆಗೆ ಮುಖ್ಯಸ್ಥೆಯಾಗಿ ಹೋಗು ಎಂದಿದ್ದಾರೆ. ನನಗೆ ಮನಸ್ಸಿಲ್ಲ. ಈಗಿರುವ ಮೇಡಂ ಕೈಕೆಳಗೆ ಏಳು ವರ್ಷವಾಯಿತು, ಅವರಿಂದ ಕಲಿಯುವುದು ಇನ್ನೂ ಉಂಟು ಎನ್ನಿಸುತ್ತದೆ. ಮನೆಯಲ್ಲಿ ಎಲ್ಲರೂ ಇದು ಹೆದರಿಕೆ ಎನ್ನುತ್ತಾರೆ. ರೈಕರ್‌ಗೂ ಇದೇ ಮಾತು ಬಂತಲ್ಲ! ಡ್ರೇಕ್ ಎಂಬ ಹಡಗು ಕೊಡುತ್ತೇವೆ ಎಂದರು, ಬೇಡವೆಂದು ಪಿಕಾರ್ಡ್‌ನ ಹಡಗು ಎಂಟರ್‌ಪ್ರೈಸ್‌ಗೆ ಬಂದ. ಆಮೇಲೆ ಏರೀಸ್ ಎಂದರು, ಅದೂ ಬೇಡವೆಂದ. ಮೂರನೆಯ ಸಲ ಮೆಲ್ಬರ್ನ್. ಆಗಲೂ ಕದಲಲಿಲ್ಲ. ಅವನು ಮಾಡಿದ್ದು ಸರಿಯೋ ತಪ್ಪೋ ಎಂದು ನೀವು ಹೇಳಿದರೆ ನನ್ನದೂ ತೀರ್ಮಾನವಾಗುತ್ತದೆ.

ಚಿಕ್ಕಪ್ಪ: ಹಾಗೆ ಒಂದೇ ಏಟಿಗೆ ಹೇಳಲಿಕ್ಕೆ ಆಗುವುದಿಲ್ಲ ಮಾರಾಯ್ತಿ. ಎರಡನೆಯ ಕುರ್ಚಿಯಲ್ಲಿ ಕೂತವನ ಕೆಲಸ ಎಂತದು ಎಂದು ಮೊದಲು ನೋಡಬೇಕು. ಆ ಕುರ್ಚಿ ಹುಟ್ಟಿದ ಕಥೆಯೇ ದೊಡ್ಡದು. ಸ್ಟಾರ್ ಟ್ರೆಕ್ ಸೃಷ್ಟಿಸಿದ ಜೀನ್ ರಾಡೆನ್‌ಬೆರಿ 1964ರ ಕೊನೆಯಲ್ಲಿ ‘ದಿ ಕೇಜ್’ ಎಂಬ ಮೊದಲ ಮಾದರಿ ಕಂತು ಚಿತ್ರಿಸಲು ಶುರುಮಾಡಿದಾಗ, ಆ ಹಡಗಿನ ಫಸ್ಟ್ ಆಫೀಸರ್ ಒಬ್ಬ ಹೆಂಗಸು. ಅವಳಿಗೆ ಹೆಸರೂ ಇರಲಿಲ್ಲ, ‘ನಂಬರ್ ಒನ್’ ಅಷ್ಟೇ. ಆ ಪಾತ್ರ ಮಾಡಿದವಳು ಮೇಜಲ್ ಬ್ಯಾರೆಟ್. ಭಾವನೆ ತೋರಿಸದ, ಲೆಕ್ಕಾಚಾರದ, ಚುರುಕು ಬುದ್ಧಿಯ ಹೆಂಗಸು. ಎನ್‌ಬಿಸಿ ವಾಹಿನಿ ಆ ಕಂತನ್ನು ಒಪ್ಪದೆ ಇನ್ನೊಂದು ಮಾಡಿ ಎಂದಿತು. ಎರಡನೆಯ ಮಾದರಿಯಲ್ಲಿ ಅವಳು ಇಲ್ಲ. ಅವಳ ತಣ್ಣನೆಯ ಬುದ್ಧಿ ಸ್ಪಾಕ್ ಎಂಬ ಪಾತ್ರದ ಪಾಲಿಗೆ ಹೋಯಿತು.

ಮಗಳು: ಅಂದರೆ 1966ರಲ್ಲಿ ಜನ ಟೀವಿಯಲ್ಲಿ ನೋಡಿದ ಸ್ಪಾಕ್‌ನ ಒಳಗೆ ಅವಳಿದ್ದಳು.

ಚಿಕ್ಕಪ್ಪ: ಹೌದು. ಆದರೆ ಸ್ಪಾಕ್ ವಿಜ್ಞಾನದ ಅಧಿಕಾರಿಯೂ ಆಗಿದ್ದ. ಅವನ ಕೆಲಸ ಕ್ಯಾಪ್ಟನ್ ಕರ್ಕ್‌ಗೆ ತರ್ಕ ಒದಗಿಸುವುದು. ಕರ್ಕ್ ತಾನೇ ಪ್ರತಿ ಗ್ರಹಕ್ಕೂ ಇಳಿದುಬಿಡುತ್ತಿದ್ದ. ಸಮುದ್ರದಲ್ಲಿ ಯಾವ ಕ್ಯಾಪ್ಟನ್ ಹಡಗು ಬಿಟ್ಟು ಹಾಗೆ ಹೋಗುತ್ತಾನೆ ಹೇಳು? 1987ರ ಸೆಪ್ಟೆಂಬರ್‌ನಲ್ಲಿ ಹೊಸ ಧಾರಾವಾಹಿ ಶುರುವಾದಾಗ ರಾಡೆನ್‌ಬೆರಿ ಇದನ್ನು ತಿದ್ದಿದ. ಕ್ಯಾಪ್ಟನ್ ಹಡಗಿನಲ್ಲಿ, ಅಪಾಯದ ಜಾಗಕ್ಕೆ ತಂಡ ಕಟ್ಟಿಕೊಂಡು ಇಳಿಯುವವನು ಫಸ್ಟ್ ಆಫೀಸರ್. ಮೊದಲ ಕಂತಿನಲ್ಲೇ ಪಿಕಾರ್ಡ್ ರೈಕರ್‌ನ ಹಳೆಯ ದಾಖಲೆ ಮುಂದಿಟ್ಟು ಕೇಳುವುದು ನೆನಪುಂಟಾ?

ಮಗಳು: ಉಂಟು. ಹುಡ್ ಎಂಬ ಹಡಗಿನಲ್ಲಿದ್ದಾಗ ಅವನು ತನ್ನ ಕ್ಯಾಪ್ಟನ್‌ನನ್ನು ಒಂದು ಗ್ರಹಕ್ಕೆ ಇಳಿಯಲು ಬಿಡಲಿಲ್ಲ. ಕ್ಯಾಪ್ಟನ್‌ನ ಮಾತನ್ನೇ ತಡೆಯುತ್ತೀಯಾ ಎಂದು ಪಿಕಾರ್ಡ್ ಗದರಿದಂತೆ ಕೇಳುತ್ತಾನೆ. ಅವನ ಜೀವ ಮುಖ್ಯ, ಅದಕ್ಕೇ ತಡೆದೆ ಎನ್ನುತ್ತಾನೆ ರೈಕರ್. ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ.

ಚಿಕ್ಕಪ್ಪ: ಅದೇ ಪರೀಕ್ಷೆ. ಹೌದಪ್ಪ ಎನ್ನುವವನು ಪಿಕಾರ್ಡ್‌ಗೆ ಬೇಕಿರಲಿಲ್ಲ. ಅದೇ ಕಂತಿನಲ್ಲಿ, ತನಗೆ ಮಕ್ಕಳ ಜೊತೆ ಬೆರೆಯಲು ಬರುವುದಿಲ್ಲ, ತಾನು ಎಡವಿ ನಗೆಪಾಟಲಾಗದ ಹಾಗೆ ನೋಡಿಕೋ ಎಂದೂ ಹೇಳುತ್ತಾನೆ. ತನ್ನ ಕೊರತೆಯನ್ನು ತಾನೇ ಬಿಚ್ಚಿ ತೋರಿಸಿ, ಇದನ್ನು ನೀನು ತುಂಬು ಎನ್ನುವ ಕ್ಯಾಪ್ಟನ್ ಸಿಕ್ಕಿದರೆ ಎರಡನೆಯವನಿಗೆ ಅದಕ್ಕಿಂತ ಪುಣ್ಯ ಬೇರೆ ಇಲ್ಲ.

ಮಗಳು: ನಮ್ಮ ಮೇಡಂ ಹಾಗೆಯೇ ಚಿಕ್ಕಪ್ಪ. ಅದಕ್ಕೇ ಬಿಟ್ಟುಹೋಗಲು ಮನಸ್ಸಾಗುತ್ತಿಲ್ಲ. ಆದರೆ ಎಲ್ಲ ಕಡೆಯೂ ಎರಡನೆಯವರನ್ನು ಹಾಗೆ ನಡೆಸಿಕೊಳ್ಳುವುದಿಲ್ಲವಲ್ಲ. ಎರಡನೆಯ ಸೀಸನ್‌ನಲ್ಲಿ ರೈಕರ್ ಅಧಿಕಾರಿಗಳ ವಿನಿಮಯದಲ್ಲಿ ಕ್ಲಿಂಗಾನರು ಎಂಬ ಯೋಧ ಜನಾಂಗದ ಪಾಗ್ ಎಂಬ ಹಡಗಿಗೆ ಹೋಗುತ್ತಾನೆ. ಅಲ್ಲಿ ಕ್ಯಾಪ್ಟನ್ ದುರ್ಬಲನಾದರೆ ಅವನನ್ನು ಕೊಂದು ಕುರ್ಚಿ ಹಿಡಿಯುವುದು ಫಸ್ಟ್ ಆಫೀಸರ್‌ನ ಕರ್ತವ್ಯ!

ಚಿಕ್ಕಪ್ಪ: ಆ ಕಂತಿನಲ್ಲಿ ಅವನ ನಡತೆ ನೋಡು. ಆ ಕ್ಯಾಪ್ಟನ್‌ಗೆ ನಿಷ್ಠೆಯ ಮಾತು ಕೊಟ್ಟಿದ್ದ. ಅವನೋ ತಪ್ಪು ಸಂಶಯದಿಂದ ಎಂಟರ್‌ಪ್ರೈಸ್ ಮೇಲೆ ಎರಗಲು ಹೊರಟ. ರೈಕರ್ ಉಪಾಯವಾಗಿ ಅವನನ್ನು ಆ ಹಡಗಿನಿಂದ ದಾಟಿಸಿದ, ತಾನು ಕುರ್ಚಿ ಹಿಡಿದು ಕಾಳಗ ತಪ್ಪಿಸಿದ, ಆಮೇಲೆ ಕುರ್ಚಿಯನ್ನು ಅವನಿಗೇ ಬಿಟ್ಟುಕೊಟ್ಟ. ಅವನು ಎಲ್ಲರೆದುರು ಹೊಡೆದರೆ ಕೈಯೆತ್ತದೆ ಏಟು ತಿಂದ. ಕ್ಯಾಪ್ಟನ್‌ನ ಮಾನ ಉಳಿಯಿತು, ಎರಡು ಹಡಗಿನವರ ಪ್ರಾಣವೂ ಉಳಿಯಿತು. ಕುರ್ಚಿ ಕೈಗೆ ಸಿಕ್ಕಿದಾಗ ಅದನ್ನು ಹಿಂದಿರುಗಿಸಲು ಬರುತ್ತದೋ ಇಲ್ಲವೋ ಎಂಬುದರಲ್ಲಿ ಮನುಷ್ಯ ಗೊತ್ತಾಗುತ್ತಾನೆ.

ಮಗಳು: ನನಗೆ ಅದಕ್ಕಿಂತ ಕಾಡಿದ್ದು ‘ದಿ ಮೆಷರ್ ಆಫ್ ಎ ಮ್ಯಾನ್’. 1989ರ ಕಂತು. ಅದನ್ನು ಬರೆದ ಮೆಲಿಂಡಾ ಸ್ನಾಡ್‌ಗ್ರಾಸ್ ಮೊದಲು ವಕೀಲೆಯಾಗಿದ್ದವರಂತೆ. ಡೇಟಾ ಎಂಬ ಯಂತ್ರಮಾನವ ಸ್ವತಂತ್ರ ಜೀವಿಯೋ, ಪಡೆಯ ಸೊತ್ತೋ ಎಂಬ ವಿಚಾರಣೆ. ವಾದಿಸಲು ಬೇರೆ ವಕೀಲರಿಲ್ಲ. ಕ್ಯಾಪ್ಟನ್ ಡೇಟಾ ಪರ ನಿಲ್ಲಬೇಕು, ಅವನ ಕೆಳಗಿನವನು ಡೇಟಾ ವಿರುದ್ಧ. ರೈಕರ್ ಒಪ್ಪದಿದ್ದರೆ ವಿಚಾರಣೆಯೇ ಇಲ್ಲದೆ ಡೇಟಾ ಒಂದು ವಸ್ತು ಎಂದು ತೀರ್ಪು. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಹಾಗೆ ಆಗುತ್ತದೆ ಅವನ ಸ್ಥಿತಿ.

ಚಿಕ್ಕಪ್ಪ: ಮತ್ತೆ ಅವನು ಅರೆಮನಸ್ಸಿನಿಂದ ವಾದಿಸಲಿಲ್ಲ.

ಮಗಳು: ಇಲ್ಲ. ಡೇಟಾನ ಕೈಯನ್ನೇ ಬಿಚ್ಚಿ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಬೆನ್ನಿನ ಗುಂಡಿ ಒತ್ತಿ ಗೆಳೆಯನನ್ನು ಆರಿಸಿಯೇ ಬಿಟ್ಟ. ಡೇಟಾ ಮುಂದಕ್ಕೆ ಬಾಗಿ ಮೇಜಿನ ಮೇಲೆ ಬಿದ್ದ. ಆಗ ರೈಕರ್‌ನ ಮುಖ ನೋಡಲಾಗುವುದಿಲ್ಲ. ಕೊನೆಗೆ ಡೇಟಾ ಗೆದ್ದು, ಸಂಭ್ರಮಕ್ಕೆ ಬಾರದೆ ಒಬ್ಬನೇ ಕೂತಿದ್ದ ರೈಕರ್‌ನನ್ನು ಹುಡುಕಿಕೊಂಡು ಹೋಗುತ್ತಾನೆ. ನೀನು ವಾದಿಸದೆ ಹೋಗಿದ್ದರೆ ನಾನು ಉಳಿಯುತ್ತಿರಲಿಲ್ಲ, ನಿನಗೆ ನೋವಾಯಿತು, ನನ್ನ ಜೀವ ಉಳಿಯಿತು ಎಂಬ ಅರ್ಥದಲ್ಲಿ ಮಾತಾಡುತ್ತಾನೆ. ನಾನು ಅತ್ತೆ ಚಿಕ್ಕಪ್ಪ.

ಚಿಕ್ಕಪ್ಪ: ಅಳಬೇಕಾದದ್ದೇ. ಎರಡನೆಯವನ ಪಾಲಿಗೆ ಬರುವ ಕೆಲಸ ಹೆಚ್ಚಾಗಿ ಅಂಥದ್ದು. ಒಳ್ಳೆಯ ಮಾತು ಕ್ಯಾಪ್ಟನ್ ಆಡುತ್ತಾನೆ, ಕೆಟ್ಟ ಮಾತನ್ನು ಜನರಿಗೆ ಮುಟ್ಟಿಸುವವನು ಇವನು. ನಾನು ಚೀಫ್ ಆಫೀಸರ್ ಆಗಿದ್ದಾಗ ರಜೆ ಇಲ್ಲ ಎಂದು ಹೇಳುವವನು ನಾನೇ, ತುಕ್ಕು ಕೆರೆಯಿರಿ ಎನ್ನುವವನು ನಾನೇ. ಸರಕು, ಡೆಕ್ಕು, ಹಡಗಿನ ತೂಕದ ಹದ, ಎಲ್ಲ ಚೀಫ್ ಆಫೀಸರ್‌ನ ತಲೆಯ ಮೇಲೆ. ವಾಚ್, ಅಂದರೆ ಬ್ರಿಡ್ಜಿನ ಕಾವಲು ಪಾಳಿ, ಬೆಳಗ್ಗೆ ನಾಲ್ಕರಿಂದ ಎಂಟು, ಸಂಜೆ ನಾಲ್ಕರಿಂದ ಎಂಟು. ಅದು ಸುಮ್ಮನೆ ಬಂದ ಹೊತ್ತಲ್ಲ. ಮುಂಜಾವದಲ್ಲೂ ಮುಸ್ಸಂಜೆಯಲ್ಲೂ ಸ್ವಲ್ಪ ಹೊತ್ತು ನಕ್ಷತ್ರವೂ ಕಾಣುತ್ತದೆ, ಸಮುದ್ರದ ಅಂಚೂ ಕಾಣುತ್ತದೆ. ಎರಡೂ ಕಂಡಾಗ ಮಾತ್ರ ಸೆಕ್ಸ್‌ಟಂಟ್ ಹಿಡಿದು ನಕ್ಷತ್ರದ ಎತ್ತರ ಅಳೆಯಬಹುದು, ಹಡಗು ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ಕ್ಯಾಪ್ಟನ್ ಎದ್ದು ಬರುವ ಹೊತ್ತಿಗೆ ನಕಾಶೆಯ ಮೇಲೆ ಚುಕ್ಕೆ ಇಟ್ಟಿರಬೇಕು.

ಮಗಳು: ನಿಷ್ಠೆಗೆ ಒಂದು ಮಿತಿ ಬೇಡವೇ? ‘ದಿ ಪೆಗಾಸಸ್’ನಲ್ಲಿ ರೈಕರ್‌ನ ನಿಷ್ಠೆಯೇ ಅವನ ಪಾಪವಾಗಿತ್ತು. ಅಕಾಡೆಮಿ ಬಿಟ್ಟು ಏಳೇ ತಿಂಗಳಾದ ಹುಡುಗ. ಕ್ಯಾಪ್ಟನ್ ಪ್ರೆಸ್‌ಮನ್ ಒಪ್ಪಂದ ಮುರಿದು ಹಡಗನ್ನು ಕಣ್ಣಿಗೆ ಕಾಣದಂತೆ ಮಾಡುವ ಯಂತ್ರವನ್ನು ಗುಟ್ಟಾಗಿ ಪರೀಕ್ಷಿಸುತ್ತಿದ್ದ. ಉಳಿದ ಅಧಿಕಾರಿಗಳು ತಿರುಗಿಬಿದ್ದರು. ರೈಕರ್ ಆಯುಧ ಹಿಡಿದು ಕ್ಯಾಪ್ಟನ್ ಕಡೆ ನಿಂತ. ತಿರುಗಿಬಿದ್ದವರೇ ಸರಿ ಎಂದು ಅವನಿಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಚಿಕ್ಕಪ್ಪ: ಅದಕ್ಕೇ ಆ ಕಂತನ್ನು ಬಿಟ್ಟು ರೈಕರ್‌ನನ್ನು ಅಳೆಯಬಾರದು. ಹುಡ್‌ನಲ್ಲಿ ಕ್ಯಾಪ್ಟನ್‌ನನ್ನು ತಡೆದ ರೈಕರ್ ಆಕಾಶದಿಂದ ಉದುರಿದವನಲ್ಲ. ಒಮ್ಮೆ ತಡೆಯಬೇಕಾದಲ್ಲಿ ತಡೆಯದೆ ಸುಟ್ಟುಕೊಂಡವನು. ಕೊನೆಗೆ ಎಲ್ಲರೆದುರು ನಿಜ ಹೇಳಿ ಬಂಧನಕ್ಕೂ ತಲೆಬಾಗಿದ. ಆ ಕಂತು ಬಂದದ್ದು 1994ರಲ್ಲಿ, ಕೊನೆಯ ಸೀಸನ್‌ನಲ್ಲಿ. ಅಷ್ಟು ತಡವಾಗಿ ಬಂದರೂ ಅವನ ಹಿಂದಿನ ಬದುಕಿಗೆಲ್ಲ ಬೆಳಕು ಬಿತ್ತು.

ಮಗಳು: ಈಗ ಮುಖ್ಯ ಮಾತಿಗೆ ಬರುತ್ತೇನೆ. ‘ದಿ ಬೆಸ್ಟ್ ಆಫ್ ಬೋತ್ ವರ್ಲ್ಡ್ಸ್’.

ಚಿಕ್ಕಪ್ಪ: ಬರಲೇಬೇಕು. ಮೊದಲ ಭಾಗ 1990ರ ಜೂನ್‌ನಲ್ಲಿ, ಎರಡನೆಯದು ಸೆಪ್ಟೆಂಬರ್‌ನಲ್ಲಿ. ಅಮೆರಿಕದ ಜನ ಮೂರು ತಿಂಗಳು ಉಸಿರು ಬಿಗಿಹಿಡಿದು ಕಾದರು. ಬರೆದವನು ಮೈಕಲ್ ಪಿಲ್ಲರ್. ಧಾರಾವಾಹಿಯಲ್ಲಿ ಉಳಿಯಬೇಕೋ ಬಿಡಬೇಕೋ ಎಂದು ಅವನೇ ಆಗ ತೊಳಲಾಡುತ್ತಿದ್ದ. ಆ ತೊಳಲಾಟವನ್ನೇ ರೈಕರ್‌ಗೆ ಕೊಟ್ಟ. ಮುಂದೇನಾಗುತ್ತದೆಂದು ಬರೆಯುವವನಿಗೇ ಗೊತ್ತಿರಲಿಲ್ಲ.

ಮಗಳು: ಮೆಲ್ಬರ್ನ್ ಹಡಗು ಸಿಗುವುದರಲ್ಲಿದೆ, ಪಿಕಾರ್ಡ್ ತಾನೇ ಹೋಗು ಎನ್ನುತ್ತಾನೆ. ಆಗ ಶೆಲ್ಬಿ ಎಂಬ ಅಧಿಕಾರಿ ಬರುತ್ತಾಳೆ, ರೈಕರ್‌ನ ಕುರ್ಚಿಯ ಮೇಲೆ ಕಣ್ಣಿಟ್ಟು. ನೀನು ನನ್ನ ದಾರಿಗೆ ಅಡ್ಡ ನಿಂತಿದ್ದೀಯ ಎಂದು ಮುಖಕ್ಕೇ ಹೇಳುತ್ತಾಳೆ. ನನಗೆ ಅವಳನ್ನು ಕಂಡರೆ ಸಿಟ್ಟು ಬಂತು. ಅಷ್ಟರಲ್ಲಿ ಬೋರ್ಗ್ ಎಂಬ ಅರೆಯಂತ್ರ ಶತ್ರುಗಳು ಪಿಕಾರ್ಡ್‌ನನ್ನು ಹೊತ್ತೊಯ್ದು ಲೊಕ್ಯೂಟಸ್ ಎಂಬ ಅರೆಯಂತ್ರ ಮಾಡುತ್ತಾರೆ. ಪರದೆಯ ಮೇಲೆ ತನ್ನ ಗುರುವಿನ ಮುಖವೇ ಎದುರಾಗಿ ಶರಣಾಗಿ ಎನ್ನುತ್ತದೆ. ರೈಕರ್ ಆ ಹಡಗಿನ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಡುತ್ತಾನೆ. ಮೊದಲ ಭಾಗ ಅಲ್ಲಿಗೆ ಮುಗಿಯುತ್ತದೆ.

ಚಿಕ್ಕಪ್ಪ: ಎಲ್ಲರೂ ಅಲ್ಲಿಗೆ ಚಪ್ಪಾಳೆ ತಟ್ಟುತ್ತಾರೆ. ಆದರೆ ಆ ಗುಂಡು ನಾಟಲಿಲ್ಲ. ಯಾಕೆ ಹೇಳು?

ಮಗಳು: ಆ ಆಯುಧದ ವಿಷಯ ಪಿಕಾರ್ಡ್‌ಗೆ ಗೊತ್ತಿತ್ತು. ಪಿಕಾರ್ಡ್‌ಗೆ ಗೊತ್ತಿದ್ದದ್ದೆಲ್ಲ ಈಗ ಬೋರ್ಗ್‌ಗಳಿಗೂ ಗೊತ್ತು. ಅವರು ಮುಂದೆ ಹೋಗಿ ವುಲ್ಫ್ 359 ಎಂಬಲ್ಲಿ ಮೂವತ್ತೊಂಬತ್ತು ಹಡಗುಗಳನ್ನು ನುಚ್ಚುನೂರು ಮಾಡಿದರು. ಮೆಲ್ಬರ್ನ್ ಕೂಡ ಅದರಲ್ಲಿ ಹೋಯಿತು.

ಚಿಕ್ಕಪ್ಪ: ಇಲ್ಲಿದೆ ನೋಡು ವಿಷಯ. ಪಿಕಾರ್ಡ್ ಇದ್ದಿದ್ದರೆ ಏನು ಮಾಡುತ್ತಿದ್ದ ಎಂದು ರೈಕರ್ ಯೋಚಿಸಿದಷ್ಟೂ ಸೋಲು ಹತ್ತಿರ. ಅಷ್ಟು ವರ್ಷ ಅವನು ಕಲಿತದ್ದೆಲ್ಲ ಶತ್ರುವಿನ ಕೈಯಲ್ಲಿದೆ. ಕ್ಯಾಪ್ಟನ್‌ನ ಖಾಲಿ ಕೋಣೆಯಲ್ಲಿ ಕೂತಿದ್ದಾಗ ಪಿಕಾರ್ಡ್‌ನ ಹಳೆಯ ಗೆಳತಿ ಗೈನನ್ ಬಂದು ಹೇಳುವುದು ಅದನ್ನೇ: ಪಿಕಾರ್ಡ್‌ನನ್ನು ಬಿಡು, ಇಲ್ಲದಿದ್ದರೆ ಗೆಲ್ಲಲಾರೆ.

ಮಗಳು: ನನಗೆ ಅಲ್ಲಿ ಭರತ ನೆನಪಾದ. ಅಣ್ಣನ ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ಹದಿನಾಲ್ಕು ವರ್ಷ ಆಳಿದನಲ್ಲ.

ಚಿಕ್ಕಪ್ಪ: ಭರತನದು ದೊಡ್ಡ ಮನಸ್ಸು. ಅವನ ಅಣ್ಣ ಕಾಡಿನಲ್ಲಿ ರಾಮನಾಗಿಯೇ ಇದ್ದ, ಹಿಂದಿರುಗುವ ದಿನವೂ ಗೊತ್ತಿತ್ತು. ರೈಕರ್‌ಗೆ ಪಾದುಕೆ ಇಟ್ಟು ಆಳುವ ದಾರಿ ಇರಲಿಲ್ಲ. ಅವನ ಅಣ್ಣನೇ ಎದುರಾಳಿಯ ದಂಡಿನಲ್ಲಿ ಕೂತಿದ್ದ. ನನಗಿದು ಚೆನ್ನಾಗಿ ಗೊತ್ತು ಮಗಳೇ. ಇನ್ನೂ ಯಾರಿಗೂ ಹೇಳದ ಒಂದು ಮಾತು ಹೇಳುತ್ತೇನೆ.

ಮಗಳು: ಹೇಳಿ ಚಿಕ್ಕಪ್ಪ.

ಚಿಕ್ಕಪ್ಪ: ಮಳೆಗಾಲದ ಅರಬ್ಬೀ ಸಮುದ್ರ. ನಮ್ಮ ಕ್ಯಾಪ್ಟನ್‌ಗೆ ನಡುರಾತ್ರಿ ಎದೆನೋವು. ಹತ್ತಿರದ ಬಂದರು ಎರಡು ದಿನದ ದಾರಿ. ಹಡಗು ನನ್ನ ಕೈಗೆ ಬಂತು. ಅವರು ಬಹಳ ಒಳ್ಳೆಯ ಕ್ಯಾಪ್ಟನ್. ನೇರ ದಾರಿ ಹಿಡಿಯಬೇಕು, ಸಮಯವೂ ಎಣ್ಣೆಯೂ ಹಾಳಾಗಬಾರದು ಎಂಬುದು ಅವರ ನೇಮ. ನಾನು ಅದನ್ನೇ ಹಿಡಿದೆ. ಅಲೆ ಅಡ್ಡಲಾಗಿ ಬಡಿದು ಹಡಗು ತೊಟ್ಟಿಲಿನ ಹಾಗೆ ಹೊಯ್ದಾಡುತ್ತಿತ್ತು. ಕೆಳಗೆ ಕ್ಯಾಬಿನ್‌ನಲ್ಲಿ ಅವರು ಮಂಚದ ಅಂಚು ಹಿಡಿದು ನರಳುತ್ತಿದ್ದರು. ನಾನು ಬ್ರಿಡ್ಜಿನಲ್ಲಿ ನಿಂತು, ಕ್ಯಾಪ್ಟನ್ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಬಾಯಿಬಿಟ್ಟೇ ಹೇಳಿಕೊಳ್ಳುತ್ತಿದ್ದೆ. ನಮ್ಮ ಸೆರಾಂಗ್, ಡೆಕ್ಕಿನ ನಾವಿಕರ ಮುಖಂಡ, ಹತ್ತಿರ ಬಂದು ಹೇಳಿದ: ಸಾಹೇಬರೇ, ಇದನ್ನು ನಾಲ್ಕು ಸಲ ಕೇಳಿದಿರಿ. ಗಾಳಿ ಇವತ್ತಿನದು. ನಿಮ್ಮ ಕಣ್ಣಿನಿಂದ ನೋಡಿ.

ಮಗಳು: ಆಮೇಲೆ?

ಚಿಕ್ಕಪ್ಪ: ದಿಕ್ಕು ಬದಲಿಸಿದೆ. ಅಲೆಗೆ ಮೂತಿ ಓರೆ ಮಾಡಿ, ವೇಗ ಇಳಿಸಿ, ಸುತ್ತು ದಾರಿ ಹಿಡಿದೆ. ಆರು ಗಂಟೆ ತಡವಾಯಿತು. ಅವರು ನಿದ್ದೆ ಮಾಡಿದರು, ಬದುಕಿಕೊಂಡರು. ಅವರೇ ಆಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅವರನ್ನು ಉಳಿಸಿದ್ದು ಅವರು ಮಾಡದೇ ಇರುತ್ತಿದ್ದ ಕೆಲಸ. ಮೇಲಿನವರ ಮನಸ್ಸು ಪೂರ್ತಿ ಗೊತ್ತಿರಬೇಕು, ಬೇಕಾದ ದಿನ ಆ ಮನಸ್ಸನ್ನು ಪಕ್ಕಕ್ಕಿಟ್ಟು ಯೋಚಿಸಲೂ ಬರಬೇಕು. ಎರಡನೆಯವನ ಪೂರ್ತಿ ವಿದ್ಯೆ ಇಷ್ಟೇ. ಮೊದಲ ಅರ್ಧ ಎಲ್ಲರೂ ಕಲಿಯುತ್ತಾರೆ. ಉಳಿದರ್ಧ ಕಲಿಯುವವರು ಕಡಿಮೆ.

ಮಗಳು: ರೈಕರ್ ಮಾಡಿದ್ದೂ ಅದೇ ಅಲ್ಲವೇ? ಹಡಗನ್ನು ಎರಡು ಭಾಗ ಮಾಡುವುದು ಶೆಲ್ಬಿಯ ಯೋಜನೆ. ಮೊದಲು ಬೇಡವೆಂದಿದ್ದ, ಅವಳು ತನ್ನನ್ನು ದಾಟಿ ಪಿಕಾರ್ಡ್ ಹತ್ತಿರ ಹೋದಳೆಂದು ಸಿಡುಕಿದ್ದ. ಈಗ ಅವಳನ್ನೇ ತನ್ನ ಫಸ್ಟ್ ಆಫೀಸರ್ ಮಾಡಿಕೊಂಡು, ಅವಳ ಯೋಜನೆಯನ್ನೇ ಎತ್ತಿಕೊಂಡ. ಅದೂ ಪಿಕಾರ್ಡ್‌ಗೆ ತಿಳಿದಿದ್ದ ರೀತಿಯಲ್ಲಲ್ಲ, ತಿರುಗುಮುರುಗು ಮಾಡಿ. ಬೋರ್ಗ್‌ಗಳ ಗಮನ ಅತ್ತ ಹರಿದಾಗ ಡೇಟಾ, ಇನ್ನೊಬ್ಬ ಅಧಿಕಾರಿ ವರ್ಫ್ ಇಬ್ಬರೂ ನುಗ್ಗಿ ಪಿಕಾರ್ಡ್‌ನನ್ನು ಹೊತ್ತು ತಂದರು.

ಚಿಕ್ಕಪ್ಪ: ಎಲ್ಲ ಮುಗಿದ ಮೇಲೆ ಅವನು ಮತ್ತೆ ಎರಡನೆಯ ಕುರ್ಚಿಗೆ ಹಿಂದಿರುಗಿದ. ಮೊದಲು ಅಲ್ಲಿ ಕೂತಿದ್ದಕ್ಕೂ ಈಗ ಕೂತದ್ದಕ್ಕೂ ಅಜಗಜಾಂತರ. ಮೊದಲು ಹೆದರಿಕೆಯೋ ಪ್ರೀತಿಯೋ ಎಂದು ಅವನಿಗೇ ಸ್ಪಷ್ಟವಿರಲಿಲ್ಲ. ಈಗ ಒಂದನೆಯ ಕುರ್ಚಿಯ ಬಿಸಿ ಗೊತ್ತಿದ್ದೂ ಇಲ್ಲಿಯೇ ಇರುತ್ತೇನೆ ಎಂದ. ಅದಕ್ಕೆ ಆಯ್ಕೆ ಎನ್ನಬಹುದು.

ಮಗಳು: ಕೊನೆಗೂ 2002ರ ‘ನೆಮೆಸಿಸ್’ ಚಿತ್ರದಲ್ಲಿ ಟೈಟನ್ ಹಡಗಿನ ಕ್ಯಾಪ್ಟನ್ ಆಗಿ ಹೊರಟ. ಮೊದಲ ಕಂತಿನಿಂದ ಹದಿನೈದು ವರ್ಷ.

ಚಿಕ್ಕಪ್ಪ: ಆ ಪಾತ್ರ ಮಾಡಿದ ಜಾನಥನ್ ಫ್ರೇಕ್ಸ್‌ನನ್ನೂ ನೋಡು. ಕ್ಯಾಮೆರಾ ಮುಂದೆ ಪಿಕಾರ್ಡ್ ಪಾತ್ರದ ಪ್ಯಾಟ್ರಿಕ್ ಸ್ಟೀವರ್ಟ್‌ನ ಪಕ್ಕದ ಕುರ್ಚಿ. ಬಿಡುವಿನಲ್ಲಿ ನಿರ್ದೇಶನ ಕಲಿತ. 1990ರಲ್ಲಿ ‘ದಿ ಆಫ್‌ಸ್ಪ್ರಿಂಗ್’ ಎಂಬ ಕಂತು ಅವನ ಮೊದಲ ನಿರ್ದೇಶನ. 1996ರಲ್ಲಿ ‘ಫಸ್ಟ್ ಕಾಂಟ್ಯಾಕ್ಟ್’ ಚಿತ್ರವನ್ನೇ ನಿರ್ದೇಶಿಸಿದ. ಸೆಟ್ಟಿನಲ್ಲಿ ಪಿಕಾರ್ಡ್‌ಗೆ ಹೀಗೆ ಮಾಡು ಎನ್ನುವವನು ರೈಕರ್! ಎರಡನೆಯ ಜಾಗದಲ್ಲಿ ಕೂತ ವರ್ಷಗಳನ್ನು ಅವನು ಹಾಳುಮಾಡಲಿಲ್ಲ. ಈಗ ನಿನ್ನ ವಿಷಯ ಹೇಳು. ನಿಮ್ಮ ಮೇಡಂ ಯಾವತ್ತಾದರೂ ದೀರ್ಘ ರಜೆ ಹಾಕಿದ್ದುಂಟಾ?

ಮಗಳು: ಹೋದ ವರ್ಷ ಒಂದು ತಿಂಗಳು. ಕಚೇರಿ ನಾನೇ ನೋಡಿಕೊಂಡೆ.

ಚಿಕ್ಕಪ್ಪ: ದಿನಾ ಫೋನ್ ಮಾಡಿ ಕೇಳುತ್ತಿದ್ದೆಯಾ?

ಮಗಳು: ಮೊದಲ ವಾರ ಕೇಳುತ್ತಿದ್ದೆ. ಆಮೇಲೆ ಬಿಟ್ಟೆ. ಒಂದೆರಡು ವಿಷಯದಲ್ಲಿ ಅವರು ಹೇಳಬಹುದಾದದ್ದು ಸರಿಯಲ್ಲ ಎಂದೇ ಕಂಡಿತು. ನನಗೆ ತೋಚಿದ ಹಾಗೆ ಮಾಡಿದೆ. ಬಂದ ಮೇಲೆ ಅವರೂ ಒಪ್ಪಿದರು.

ಚಿಕ್ಕಪ್ಪ: ಹಾಗಾದರೆ ನಿನ್ನದು ಹೆದರಿಕೆಯಲ್ಲ. ಮನೆಯವರಿಗೆ ನಾನೇ ಹೇಳುತ್ತೇನೆ. ಉಳಿದರೂ ಅದು ನಿನ್ನ ಆಯ್ಕೆಯೇ ಆಗುತ್ತದೆ. ಆದರೆ ಇನ್ನೊಂದು ಪ್ರಶ್ನೆ ಉಂಟು. ನಿನ್ನ ಕೆಳಗೆ ಯಾರಿದ್ದಾರೆ?

ಮಗಳು: ಒಬ್ಬ ಹುಡುಗಿ. ನಾಲ್ಕು ವರ್ಷವಾಯಿತು. ತುಂಬ ಚುರುಕು. ಕೆಲವು ಸಲ ನನ್ನನ್ನು ದಾಟಿ ಮೇಡಂ ಹತ್ತಿರ ಹೋಗಿಬಿಡುತ್ತಾಳೆ. ಸಿಟ್ಟು ಬರುತ್ತದೆ.

ಚಿಕ್ಕಪ್ಪ: ಶೆಲ್ಬಿಯನ್ನು ಕಂಡು ಬಂದ ಸಿಟ್ಟೇ ಅಲ್ಲವಾ?

ಮಗಳು: ...ಹೌದು.

ಚಿಕ್ಕಪ್ಪ: ಶೆಲ್ಬಿ ಹೇಳಿದ ರೀತಿ ಒರಟು, ಹೇಳಿದ್ದು ಸುಳ್ಳಲ್ಲ. ಎರಡನೆಯ ಕುರ್ಚಿಯಲ್ಲಿ ಒಬ್ಬ ಹದಿನೈದು ವರ್ಷ ಕೂತರೆ ಅವನ ಹಿಂದೆ ನಿಂತವರಿಗೆ ಎಣಿಕೆಯೇ ಮುಂದೆ ಹೋಗುವುದಿಲ್ಲ. ಪಿಕಾರ್ಡ್‌ನಿಂದ ಏನು ಸಿಗುತ್ತದೆ ಎಂದು ರೈಕರ್ ಲೆಕ್ಕ ಹಾಕಿದ, ತಾನು ಯಾರಿಗೆ ಜಾಗ ಬಿಡಬೇಕು ಎಂಬ ಲೆಕ್ಕ ಹಾಕಲಿಲ್ಲ. ಅವನಲ್ಲಿ ನಾನು ಕಾಣುವ ತಪ್ಪು ಅದೊಂದೇ. ನೀನು ಕೇಳಿದ ತೀರ್ಮಾನವೂ ಇದೇ. ಅವನ ಹಾಗೆ ಕಲಿ, ಅವನ ಹಾಗೆ ತಡಮಾಡಬೇಡ.

ಮಗಳು: ನಾಳೆ ಮೇಡಂ ಹತ್ತಿರ ಒಪ್ಪಿಗೆ ಎಂದು ಹೇಳುತ್ತೇನೆ ಚಿಕ್ಕಪ್ಪ. ಆ ಹುಡುಗಿಗೂ ನಾನೇ ಹೇಳುತ್ತೇನೆ, ಇನ್ನು ಇದು ನಿನ್ನದು ಎಂದು.

ಚಿಕ್ಕಪ್ಪ: ಎದುರು ನಿಂತು, ಬಾಯಿಬಿಟ್ಟು ಹೇಳು. ಅವಳೂ ಬಾಯಿಬಿಟ್ಟು ವಹಿಸಿಕೊಳ್ಳಲಿ. ಬ್ರಿಡ್ಜಿನಲ್ಲಿ ತಲೆಯಾಡಿಸಿದರೆ ವಾಚ್ ಕೈ ಬದಲಾದ ಹಾಗಲ್ಲ.